ಹೆಸರು ಹೇಳಿದರು, ಮನೆಗೆ ಕಳಿಸಿದರು

ಇಂದು ಹುಬ್ಬಳ್ಳಿಯ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಕಂಡದ್ದನ್ನು ಬರೆಯದೆ ನನಗೆ ರಾತ್ರಿಯ ಊಟ ಸೇರುವುದಿಲ್ಲ. ನವಲಗುಂದದ ಕಡೆಯ ರೈತರೊಬ್ಬರು ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಆರು ದಿನವಾಗಿತ್ತು. ರೌಂಡ್ಸಿಗೆ ಬಂದವರು ಹೆಸರು ಕೇಳಿದರು, ಊರು ಕೇಳಿದರು, ಹೆಂಡತಿಯನ್ನು ತೋರಿಸಿ ಯಾರೆಂದು ಕೇಳಿದರು. ಮೂರಕ್ಕೂ ಸರಿಯುತ್ತರ ಬಂದದ್ದೇ ತಡ, 'ಜಿಸಿಎಸ್ 15, ಡಿಸ್ಚಾರ್ಜ್' ಎಂದು ಫೈಲಿನಲ್ಲಿ ಬರೆದಾಯಿತು. (ಜಿಸಿಎಸ್ ಎಂದರೆ ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್; 15 ಎಂದರೆ ಪೂರ್ಣ ಅಂಕ.)

ನಾನು ಆ ರೈತರನ್ನು ನಮ್ಮ ಕೋಣೆಗೆ ಕರೆದೊಯ್ದು ಚಹಾ ಮಾಡಲು ಹೇಳಿದೆ. (ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ರೋಗಿಗಳು ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡುವಂತೆ ನೆರವಾಗುವವಳು. ಹಾಗೆಂದರೆ ಚೆಂಡು ಹಿಸುಕಿಸುವವಳು ಎಂದು ನಂಬಿರುವ ನನ್ನ ಬಂಧುಗಳು ದಯವಿಟ್ಟು ಗಮನಿಸಬೇಕು.) ಅವರು ಪಾತ್ರೆಗೆ ಸಕ್ಕರೆ ಹಾಕಿದರು, ಮತ್ತೆ ಹಾಕಿದರು, ಮೂರನೆಯ ಸಲವೂ ಹಾಕಿದರು, ನೀರನ್ನೇ ಹಾಕದೆ ಒಲೆ ಹೊತ್ತಿಸಿ ಕಿಟಕಿಯ ಬಳಿ ಹೋಗಿ ನಿಂತರು. ನಾನೇ ಒಲೆ ಆರಿಸಿ "ಚಹಾ ಆತೇನ್ರೀ?" ಎಂದೆ. "ಆಗಳೇ ಕುಡದ್ನೆಲ್ರೀ ಮೇಡಂ" ಎಂದರು, ಸಂಕೋಚವಿಲ್ಲದೆ.

1974ರಲ್ಲಿ ಗ್ಲಾಸ್ಗೋದಲ್ಲಿ ರೂಪುಗೊಂಡ ಆ ಜಿಸಿಎಸ್ ಕಣ್ಣು, ಮಾತು, ಕೈಕಾಲಿನ ಚಲನೆಗಳನ್ನು ನೋಡಿ 3ರಿಂದ 15ರೊಳಗೆ ಎಚ್ಚರದ ಮಟ್ಟವನ್ನು ಹೇಳುತ್ತದೆಯೇ ಹೊರತು, ಹೊಸದನ್ನು ನೆನಪಿಟ್ಟುಕೊಳ್ಳುವ, ಒಂದರ ನಂತರ ಒಂದು ಕೆಲಸ ಮಾಡುವ ಶಕ್ತಿಯನ್ನಲ್ಲ. ಪೆಟ್ಟಿನ ನಂತರದ ಮರೆವು ಕಳೆದಿದೆಯೇ ಎಂದು ನೋಡುವ ವೆಸ್ಟ್‌ಮೀಡ್ ಪರೀಕ್ಷೆಯಲ್ಲಿ ಸತತ ಮೂರು ದಿನ 12ಕ್ಕೆ 12 ಬರಬೇಕು. ಇಲ್ಲಿ ಮೂರೇ ಪ್ರಶ್ನೆ, ಅದೂ ಒಂದೇ ಸಲ!

ಹಾಸಿಗೆ ಸಾಲುವುದಿಲ್ಲ, ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಇಲ್ಲ ಎನ್ನುವಿರಿ. ಹಾಸಿಗೆಯ ಮಾತು ನಿಜ, ಆದರೆ ಒಂದು ಚಹಾಕ್ಕೆ ಕಾಲು ಗಂಟೆ ಸಾಕು. ಸ್ಕ್ಯಾನಿನ ಮಾತನ್ನು ಮಾತ್ರ ಆಡಬೇಡಿ. ನರತಂತುಗಳ ಸೂಕ್ಷ್ಮ ಗಾಯ ಅದರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ನಾನೇನೂ ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಾವೇರಿ ಕಡೆಯ ಕುರಿ ಕಾಯುವ ಹಿರಿಯರೊಬ್ಬರ ಕೈಗೆ, ಜನ್ಮದಲ್ಲಿ ಪೆನ್ನು ಹಿಡಿಯದವರಿಗೆ, ಪೆನ್ನು ಕೊಟ್ಟು ಗಡಿಯಾರ ಬರೆಸಿದ್ದೆ. ಗಡಿಯಾರವೂ ಸೇರಿದ್ದ ಆ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ 30ಕ್ಕೆ 9 ಅಂಕ ಹಾಕಿ 'ತೀವ್ರ ಕೊರತೆ' ಎಂದು ಷರಾ ಬರೆದೆ. ಅದೇ ಮಧ್ಯಾಹ್ನ ಆ ಅಜ್ಜ, ಹಿಂದಿನ ದಿನ ಮೊಮ್ಮಗ ಸಂತೆಯಲ್ಲಿ ಮಾರಿ ಬಂದ ಕುರಿಗಳ ಲೆಕ್ಕದಲ್ಲಿ ತಪ್ಪು ಹಿಡಿಯುವುದನ್ನು ಕೇಳಿಯೂ ನಾನು ಆ ಷರಾ ತಿದ್ದಲಿಲ್ಲ.

ಇಂದು ನನ್ನ ಟಿಪ್ಪಣಿ ತಲುಪುವಷ್ಟರಲ್ಲಿ ಆ ರೈತರ ಬಿಲ್ಲು ಆಗಿಹೋಗಿತ್ತು. ಟ್ರ್ಯಾಕ್ಟರ್ ಓಡಿಸುವುದು, ಬೆಳೆಗೆ ಔಷಧಿ ಹೊಡೆಯುವುದು, ಒಬ್ಬರೇ ಒಲೆ ಹಚ್ಚುವುದು ಸದ್ಯಕ್ಕೆ ಬೇಡವೆಂದು ಚೀಟಿ ಬರೆದುಕೊಟ್ಟೆ. ಅವರ ಹೆಂಡತಿ ಅದನ್ನು ಮಡಚಿ ಗುಳಿಗೆಯ ಕವರಿನೊಳಗೆ ಇಡುತ್ತಾ ಕೇಳಿದರು: "ಆರಾಮಾಗ್ಯಾರಂತ ಡಾಕ್ಟರೇ ಹೇಳ್ಯಾರಲ್ರೀ, ಮತ್ತ ಇದು ಯಾಕ್ರೀ?"