ಗರ್ಭಚೀಲ ತೆಗೆಸೋಕೆ ಮುಂಚೆ ಆ ಮೇಣದ ತುಂಡು ಕೇಳಿ ಇಸ್ಕೊಳ್ರಿ

ನಿನ್ನೆ ರಾತ್ರಿ ಚಿಂಚೋಳಿ ಕಡೆಯಿಂದ ಪರಿಚಯದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದ್ದಳು. "ಅಕ್ಕಾ, ಗರ್ಭಚೀಲದ ಬಾಯಿಗೆ ಕ್ಯಾನ್ಸರ್ ಆಗ್ಯಾದಂತ. ಸೋಮವಾರ ತೆಗಿತೀವಿ ಅಂದಾರ. ರೊಕ್ಕ ಹೊಂದಸ್ಲಾಕತ್ತೀವಿ." ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷೆ, ಮಾಡ್ಯಾರೇನು ಅಂತ ಕೇಳಿದೆ. "ಸ್ಕ್ಯಾನಿಂಗ್ ಮಾಡ್ಯಾರ" ಅಂದಳು. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಅದಕ್ಕೇ ಇದನ್ನು ಬರೀತಿದ್ದೀನಿ.

ಮೂರು ವರ್ಷದ ಹಿಂದೆ ನಮ್ಮವ್ವನಿಗೂ ಹೀಗೇ ಹೇಳಿದ್ದರು. ಮುಟ್ಟು ನಿಂತು ಆರು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿತ್ತು. ಎರಡು ತಿಂಗಳು ಯಾರಿಗೂ ಹೇಳದೆ ಬಟ್ಟೆ ಒಗೆದುಕೊಂಡಿದ್ದಳು. ಕಲಬುರಗಿಯ ಒಂದು ನರ್ಸಿಂಗ್ ಹೋಮಿನಲ್ಲಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಅಂತಲೇ ಬಂತು. "ಗುರುವಾರ ಅಡ್ಮಿಟ್ ಆಗ್ರಿ, ಚೀಲ ತೆಗೆದ್ರ ಮುಗೀತು." ಯಾವ ಹಂತ ಅಂತ ಕೇಳಿದರೆ "ಆಪರೇಷನ್ ಆದಮ್ಯಾಲ ಗೊತ್ತಾಗ್ತದ" ಅನ್ನೋ ಉತ್ತರ. ಇನ್ನೊಂದು ಕಡೆ ಒಮ್ಮೆ ತೋರಿಸ್ತೀವಿ ಅಂದೆ. "ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಅಂದರು. ಅಪ್ಪ ಎದ್ದು ನಿಂತು ಕೈ ಮುಗಿದರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ಅದರಲ್ಲಿ ತಪ್ಪೇನಿತ್ತು? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲೇ ಸೆಕೆಂಡ್ ಒಪೀನಿಯನ್ ಇದೆ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮವೇ ಹೇಳುತ್ತೆ.

ಬರೀ ರಿಪೋರ್ಟ್ ಹಿಡಿದು ಹೋದರೆ ಸಾಲದು. ತೆಗೆದ ತುಣುಕನ್ನು ಲ್ಯಾಬಿನವರು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಅಂತಾರೆ. ಅದನ್ನೂ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆಯಬೇಕು, ಹೊಸ ಡಾಕ್ಟರು ಅದನ್ನೇ ಮತ್ತೆ ಪರೀಕ್ಷೆ ಮಾಡಿಸಬಹುದು. ನಮಗೆ ಮೂರು ಸಲ ಅಲೆದಾಡಿದ ಮೇಲೆ ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ಸಣ್ಣ ಪ್ಲಾಸ್ಟಿಕ್ ಚೌಕಟ್ಟು, ಅಂಚಿನಲ್ಲಿ ಪೆನ್ಸಿಲ್ಲಿನ ನಂಬರು, ಬಿಳಿ ಮೇಣದ ನಡುವೆ ಕಂದು ಚುಕ್ಕೆಯಂಥದ್ದು. ಕೊಟ್ಟ ಹುಡುಗ "ಬಿಸಿಲಾಗ ಇಡಬ್ಯಾಡ್ರಿ, ಕರಗ್ತದ" ಅಂದ. ಏಪ್ರಿಲ್ ತಿಂಗಳ ನಮ್ಮೂರ ಬಿಸಿಲು! ಹತ್ತಿಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಅವ್ವ ಬೆಂಗಳೂರು ಬರೋವರೆಗೂ ಆ ಡಬ್ಬಿಯನ್ನು ಮಡಿಲಿಂದ ಇಳಿಸಲಿಲ್ಲ. "ಇದ್ರಾಗ ನಂದೇ ಹುಣ್ಣು ಅದ ಏನ?" ಅಂತ ಒಮ್ಮೆ ಕೇಳಿದಳು.

ಅಲ್ಲಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲಿ ಡಾಕ್ಟರಮ್ಮ ಒಳಗಿನಿಂದ ಕೈಯಿಟ್ಟು ಬಹಳ ಹೊತ್ತು ನೋಡಿದರು. ಊರಲ್ಲಿ ಯಾರೂ ಹಾಗೆ ನೋಡಿರಲಿಲ್ಲ. ಎಂಆರ್‌ಐ ಆಯಿತು. ಕ್ಯಾನ್ಸರ್ ಹೌದು, ಅದೇನೂ ಬದಲಾಗಲಿಲ್ಲ. ಆದರೆ ಅದು ಗರ್ಭಚೀಲದ ಬಾಯಿ ದಾಟಿ ಪಕ್ಕದ ಅಂಗಾಂಶಕ್ಕೆ ಹೋಗಿತ್ತು, ಹಂತ 2ಬಿ. ಈ ಹಂತಕ್ಕೆ ಆಪರೇಷನ್ ಅಲ್ಲ, ರೇಡಿಯೇಷನ್ ಮತ್ತು ಕೀಮೋ ಜೊತೆಜೊತೆಗೆ ಅಂದರು. ಕೊನೆಯಲ್ಲಿ ಒಳಗಿನಿಂದ ಕೊಡುವ ರೇಡಿಯೇಷನ್ ಇರುತ್ತಲ್ಲ, ಅದರ ನಳಿಕೆ ಕೂರೋದೇ ಗರ್ಭಚೀಲದೊಳಗೆ. ಗುರುವಾರ ಅದನ್ನು ತೆಗೆದಿದ್ದರೆ ರೋಗ ಪಕ್ಕದಲ್ಲಿ ಉಳೀತಿತ್ತು, ನಳಿಕೆಗೆ ಜಾಗ ಇರ್ತಿರಲಿಲ್ಲ, ಮೇಲೆ ರೇಡಿಯೇಷನ್ನೂ ತಪ್ತಿರಲಿಲ್ಲ. ಅವ್ವ 25 ದಿನದ ರೇಡಿಯೇಷನ್, ವಾರಕ್ಕೊಂದು ಕೀಮೋ, ಆಮೇಲೆ ಆ ನಳಿಕೆಯ ಚಿಕಿತ್ಸೆ ಎಲ್ಲ ಮುಗಿಸಿದಳು. ಈಗಲೂ ಚೆಕಪ್ಪಿಗೆ ಹೋಗ್ತಾಳೆ.

ನಮ್ಮ ಜಿಲ್ಲೆಯಲ್ಲಿ ಈ ಮಾತು ಆಡಲೇಬೇಕು. 2015ರಲ್ಲಿ ತಾಂಡಾದ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ಕಲಬುರಗಿಯಲ್ಲಿ ಬೀದಿಗಿಳಿದಿದ್ದು ಮರೆತಿರೇನು? ಹೊಟ್ಟೆನೋವು, ಬಿಳಿ ಹೋಗೋದು ಅಂತ ಹೋದವರಿಗೆ "ಕ್ಯಾನ್ಸರ್ ಆಗ್ತದ" ಅಂತ ಹೆದರಿಸಿ ಗರ್ಭಚೀಲ ತೆಗೆದಿದ್ದರು. ಹಲವರಿಗೆ ಇನ್ನೂ 35 ಕೂಡ ಆಗಿರಲಿಲ್ಲ. ಅನಗತ್ಯವಾಗಿ ಗರ್ಭಚೀಲ ತೆಗೆಯೋದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಅಂತ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದ್ದು 2023ರಲ್ಲಿ. ಕ್ಯಾನ್ಸರ್ ಇಲ್ಲದವರಿಗೂ ಚೀಲ ತೆಗೆದರು, ಇದ್ದ ನಮ್ಮವ್ವನಿಗೂ ಅದೇ ಔಷಧ. ಎರಡೂ ಕಡೆ ಆ ಒಂದು ಪದ ಕೇಳಿದ ಮೇಲೆ ನಮ್ಮ ಬಾಯಿ ಕಟ್ಟುತ್ತೆ.

ಅಂಡಾಶಯದ ವಿಷಯದಲ್ಲೂ ಅಷ್ಟೆ. ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಪರೀಕ್ಷೆಯಲ್ಲಿ ಸಿಎ-125 ಅನ್ನೋ ಅಂಶ ಜಾಸ್ತಿ ಬಂದ ಮಾತ್ರಕ್ಕೆ ಕ್ಯಾನ್ಸರ್ ಅಂತ ಹೇಳಲು ಬರಲ್ಲ. ಹೊಟ್ಟೆಯ ಟಿಬಿಯೂ ಥೇಟ್ ಹಾಗೇ ಕಾಣುತ್ತೆ, ಅದು ಗುಳಿಗೆಗೆ ವಾಸಿಯಾಗೋ ಕಾಯಿಲೆ.

ಹಾಗಂತ ತಿಂಗಳುಗಟ್ಟಲೆ ಊರೂರು ಸುತ್ತಬೇಡ್ರಿ, ನಾಟಿ ಔಷಧಿ ಅಂತ ದಿನ ಕಳೀಬೇಡ್ರಿ. ಇನ್ನೊಬ್ಬ ಡಾಕ್ಟರಿಗೆ ತೋರಿಸೋದು ಒಂದೆರಡು ವಾರದಲ್ಲಿ ಮುಗಿಯೋ ಕೆಲಸ. ಕಲಬುರಗಿಯಲ್ಲೇ ಕಿದ್ವಾಯಿಯ ಘಟಕ ಇದೆ, ಮೊದಲು ಅಲ್ಲಿಗೆ ಹೋಗ್ರಿ. ವಿಪರೀತ ರಕ್ತ ಹೋಗ್ತಿದ್ದರೆ ಮಾತ್ರ ಕಾಯಬೇಡ್ರಿ, ಹತ್ತಿರದ ಆಸ್ಪತ್ರೆಗೆ ಓಡ್ರಿ.

ಸೋಮವಾರ ಬೆಳಿಗ್ಗೆ ಆ ಹೆಣ್ಣುಮಗಳು ಚಿಂಚೋಳಿ ಬಸ್ಸಿಗೆ ಬರ್ತಾಳೆ, ಅಡ್ಮಿಟ್ ಆಗೋಕಲ್ಲ. ಬಸ್ ಸ್ಟ್ಯಾಂಡಿನಿಂದ ನಾನೇ ಕರ್ಕೊಂಡು ಹೋಗ್ತೀನಿ. ಅವ್ವನೂ ಬರ್ತೀನಿ ಅಂದಿದ್ದಾಳೆ. "ಒಳಗ ಕೈಯಿಟ್ಟು ನೋಡೋ ಹೊತ್ತಿಗಿ ಆಕಿ ಕೈ ಹಿಡ್ಕೊಳ್ಲಾಕ ಒಬ್ರು ಬೇಕಲ್ಲ" ಅಂತ.