ಸ್ಪಷ್ಟನೆ: ನಶೆಗಾಗಿಯೇ ಈ ಕೆಲಸಕ್ಕೆ ಬರುತ್ತಾರೆ ಎಂಬುದು ಸರಿಯಲ್ಲ

‘ಲೈಂಗಿಕ ಕಾರ್ಯಕರ್ತೆಯರೆಲ್ಲ ಡ್ರಗ್ಸ್ ಚಟಕ್ಕೆ ದುಡ್ಡು ಬೇಕೆಂದೇ ಈ ಕೆಲಸಕ್ಕೆ ಬರುತ್ತಾರೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಮಣಿಪುರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವ ಕೆಲವು ಹೆಂಗಸರು ಹಾಗೆ ಬಂದದ್ದುಂಟು, ನಿಜ. ನಮ್ಮ ಕರ್ನಾಟಕದ ಕಥೆ ಬೇರೆ. ಗಂಡ ಬಿಟ್ಟುಹೋದದ್ದು, ಸಾಲ, ಮಕ್ಕಳ ಹೊಟ್ಟೆಪಾಡು, ಇಂಥ ಕಾರಣಗಳೇ ಜಾಸ್ತಿ. ಬೆಳಗಾವಿ, ಬಾಗಲಕೋಟೆ ಕಡೆ ಎಷ್ಟೋ ಹುಡುಗಿಯರಿಗೆ ಎಳವೆಯಲ್ಲೇ ಮುತ್ತು ಕಟ್ಟಿ ದೇವದಾಸಿ ಮಾಡಿದರು. ದೇವದಾಸಿ ಬಿಡುವುದನ್ನು ನಿಷೇಧಿಸುವ 1982ರ ಕಾಯ್ದೆ ಬಂದ ಮೇಲೂ ಅದು ತಕ್ಷಣ ನಿಲ್ಲಲಿಲ್ಲ. ಆ ಮಗುವಿಗೆ ಯಾವ ನಶೆಯ ಚಟವಿತ್ತು ಹೇಳಿ?

ಇಲ್ಲಿ ಡ್ರಗ್ಸ್‌ಗಿಂತ ಹೆಚ್ಚು ಕಾಣುವುದು ಕುಡಿತ. ಅದೂ ಎಷ್ಟೋ ಜನಕ್ಕೆ ಕೆಲಸಕ್ಕೆ ಬಂದ ಮೇಲೆ ಅಂಟಿದ್ದು. ಗಿರಾಕಿ ಕುಡಿ ಎಂದು ಒತ್ತಾಯಿಸುತ್ತಾನೆ, ಭಯ ಮರೆಯಬೇಕು. ಕುಡಿದಾಗ ಕಾಂಡೋಮ್ ಬೇಕೇ ಬೇಕು ಎಂದು ಹಠ ಹಿಡಿಯುವುದೂ ಕಷ್ಟ. ಸುಮ್ನೆ ‘ಚಟದವರು’ ಅಂದುಬಿಟ್ಟರೆ, ಅವರು ಆಸ್ಪತ್ರೆಗೆ ಬರಲೂ ಹಿಂಜರಿಯುತ್ತಾರೆ.