ರೂಟ್ ಕಾರ್ಡ್‌ನಲ್ಲಿ ಒಂದು ಸಾಲು

ಇವತ್ತು ಮಧ್ಯಾಹ್ನ, ವಿಮಾನದ ಬಿಡಿಭಾಗ ಮಾಡುವ ನಮ್ಮ ಶಾಪ್‌ನಲ್ಲಿ ಒಬ್ಬ ಹುಡುಗನಿಗೆ ಮೆಮೊ ಕೊಟ್ಟರು. ಕೊಟ್ಟರು ಏನು, ಬರೆದವಳೇ ನಾನು. ಅದಕ್ಕೇ ಈ ಉರಿ.

ಹುಡುಗ ಶಿರಾ ಕಡೆಯವನು. ಐಟಿಐ ಮುಗಿಸಿ ಬಂದು ಇನ್ನೂ ಎಂಟು ತಿಂಗಳು. ಒಂದು ಬ್ರಾಕೆಟ್‌ನ ಅಂಚಿನಲ್ಲಿ ಬರ್, ಅಂದ್ರೆ ಲೋಹದ ಚೂಪು ಸಿಬಿರು, ಉಳಿದಿತ್ತು. ಫೈಲ್ ಹಿಡಿದು ಉಜ್ಜಿ, ಒರೆಸಿ, ವಾಪಸ್ ಟ್ರೇಯಲ್ಲಿ ಇಟ್ಟ. ಕೆಲಸ ಚೆನ್ನಾಗೇ ಮಾಡಿದ್ದ, ಅಳತೆಯೂ ಸರಿ ಇತ್ತು. ರೂಟ್ ಕಾರ್ಡ್‌ನಲ್ಲಿ ಮಾತ್ರ, ಅಂದ್ರೆ ಪಾರ್ಟಿನ ಜೊತೆಯೇ ಸಾಗುವ ಕೆಲಸದ ದಾಖಲೆಯಲ್ಲಿ, ಬರೆದಿರಲಿಲ್ಲ. ವಿಮಾನದ ಪಾರ್ಟು ಸ್ವಾಮಿ. ಮುಟ್ಟಿದರೆ ಬರೆಯಬೇಕು, ಬಿಚ್ಚಿದರೆ ಬರೆಯಬೇಕು, ಮತ್ತೆ ಕೂರಿಸಿದರೆ ಬರೆದು ಸಹಿ ಹಾಕಬೇಕು. ಪೀಣ್ಯದಲ್ಲಿ 19 ವರ್ಷದಿಂದ ಕ್ವಾಲಿಟಿಯಲ್ಲಿ ಕೂತು ನಾನು ಕೂಗಿಕೊಂಡು ಬಂದಿರುವುದು ಇದೊಂದನ್ನೇ. ಅಪ್ಪ ಎಚ್‌ಎಎಲ್‌ನಿಂದ ಮನೆಗೆ ತಂದದ್ದು ಪಿಂಚಣಿ ಮತ್ತು ಈ ಮಾತು.

ಹುಡುಗ ಮೆಮೊ ತಗೊಂಡ. ಓದಿದ. ಆಮೇಲೆ ತಣ್ಣಗೆ ಕೇಳಿದ: "ಮೇಡಂ, ಅಮೆರಿಕದಲ್ಲಿ ವಿಮಾನದ ಬಾಗಿಲೇ ಹಾರಿಹೋಯ್ತಲ್ಲ, ಅವರಿಗೂ ಮೆಮೊ ಕೊಟ್ಟರಾ?"

ಯಾವುದೋ ರೀಲ್ ನೋಡಿದ್ದನಂತೆ. ನಾನು "ಹೋಗಿ ಕೆಲಸ ನೋಡು" ಅಂದೆ. ಉತ್ತರ ಇದ್ದಿದ್ದರೆ ಕೊಡುತ್ತಿದ್ದೆ.

ಅವನು ಕೇಳಿದ್ದು 2024ರ ಜನವರಿ 5ರ ಕಥೆ. ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ 9, ತಗೊಂಡು ಎರಡು ತಿಂಗಳಷ್ಟೇ ಆಗಿದ್ದ ಹೊಸ ವಿಮಾನ. ಪೋರ್ಟ್‌ಲ್ಯಾಂಡ್‌ನಿಂದ ಹೊರಟು ಸುಮಾರು 16 ಸಾವಿರ ಅಡಿ ಏರುವಾಗ, ಬಾಗಿಲಿನ ಜಾಗ ಮುಚ್ಚಿದ್ದ ಪ್ಯಾನೆಲ್ ಕಿತ್ತು ಹೋಯಿತು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ, ಪುಣ್ಯ. ತನಿಖೆಯಲ್ಲಿ ಗೊತ್ತಾದದ್ದು ಇಷ್ಟು: ರಿವೆಟ್ ರಿಪೇರಿಗೆ ಅಂತ ಫ್ಯಾಕ್ಟರಿಯಲ್ಲೇ ಆ ಪ್ಯಾನೆಲ್ ತೆಗೆದಿದ್ದರು, ಮತ್ತೆ ಕೂರಿಸುವಾಗ ನಾಲ್ಕು ಬೋಲ್ಟ್ ಹಾಕಿರಲೇ ಇಲ್ಲ. ತೆಗೆದದ್ದಕ್ಕೆ ಕಾಗದ? ಇಲ್ಲ. ಹುಡುಕಿದರೂ ಸಿಗಲಿಲ್ಲ.

ನಮ್ಮ ಶಿರಾ ಹುಡುಗನದೂ ಅದೇ ತಪ್ಪು ಅಲ್ವಾ? ಇವನು ಬರ್ ಉಜ್ಜಿದ, ಅವರು ಬಾಗಿಲು ಬಿಚ್ಚಿದರು, ಅಷ್ಟೇ ವ್ಯತ್ಯಾಸ.

ಇನ್ನೊಂದು ತಮಾಷೆ ಕೇಳಿ. ಆ ಬಾಗಿಲು ಹಾರಿದ ದಿನಕ್ಕೂ, ಬೋಯಿಂಗ್ ಮೇಲಿದ್ದ ಕ್ರಿಮಿನಲ್ ಕೇಸಿನ ರಾಜಿಯ ಅವಧಿ ಮುಗಿಯಬೇಕಿದ್ದ ದಿನಕ್ಕೂ ಬರೀ ಎರಡು ದಿನದ ಅಂತರ. 2021ರ ಜನವರಿ 7ಕ್ಕೆ ಅಮೆರಿಕ ಸರ್ಕಾರದ ಜೊತೆ ರಾಜಿ ಆಗಿತ್ತು. ಮೂರು ವರ್ಷ ನೆಟ್ಟಗಿರಿ, ಕೇಸು ಬಿಡುತ್ತೇವೆ ಅಂತ. ಮೂರು ವರ್ಷಕ್ಕೆ ಎರಡು ದಿನ ಬಾಕಿ, ಆಗ ಢಮಾರ್.

ಆ ರಾಜಿ ಯಾತಕ್ಕೆ ಅಂತ ನೆನಪಿಸಿಕೊಳ್ಳಿ. ಎರಡು ಬೋಯಿಂಗ್ ಮ್ಯಾಕ್ಸ್ ವಿಮಾನ ಬಿದ್ದು ಸತ್ತವರ ಲೆಕ್ಕ: 2018ರ ಅಕ್ಟೋಬರ್ 29, ಲಯನ್ ಏರ್, 189 ಜನ. 2019ರ ಮಾರ್ಚ್ 10, ಇಥಿಯೋಪಿಯನ್, 157 ಜನ. ಒಟ್ಟು 346. ಎರಡರಲ್ಲೂ ವಿಮಾನದ ಮೂತಿಯನ್ನು ತಾನಾಗಿ ಕೆಳಗೆ ಒತ್ತುವ ಎಂಕ್ಯಾಸ್ ಅನ್ನೋ ಸಾಫ್ಟ್‌ವೇರ್, ಒಂದೇ ಒಂದು ಸೆನ್ಸರ್‌ನ ಮಾತು ನಂಬಿಕೊಂಡು ಒತ್ತಿತು. ಪೈಲಟ್‌ಗಳ ಮ್ಯಾನ್ಯುಯಲ್‌ನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಯಾಕಂದ್ರೆ ಹೇಳಿದರೆ ಸಿಮ್ಯುಲೇಟರ್ ತರಬೇತಿ ಬೇಕು ಅಂತ ಆಗಬಹುದಿತ್ತು. ಆ ತರಬೇತಿ ಬೇಕಾದರೆ ವಿಮಾನಕ್ಕೆ 10 ಲಕ್ಷ ಡಾಲರ್ ಬಿಟ್ಟುಕೊಡ್ತೀವಿ ಅಂತ ಸೌತ್‌ವೆಸ್ಟ್ ಅನ್ನೋ ಏರ್‌ಲೈನ್‌ಗೆ ಮೊದಲೇ ಮಾತು ಕೊಟ್ಟಿದ್ದರು. ಬರೆಯದೇ ಇದ್ದದ್ದು ಇಲ್ಲೂ ಒಂದು ಸಾಲು. ನೋಡಿದ್ರಾ?

ಇದನ್ನೆಲ್ಲ ನೋಡಬೇಕಾದ ಎಫ್‌ಎಎ, ಅಮೆರಿಕ ಸರ್ಕಾರದ ವಿಮಾನಯಾನ ಇಲಾಖೆ, ಏನು ಮಾಡುತ್ತಿತ್ತು ಅಂತೀರಾ? ತಪಾಸಣೆಯ ದೊಡ್ಡ ಪಾಲನ್ನು ಬೋಯಿಂಗ್‌ನ ನೌಕರರಿಗೇ ವಹಿಸಿಕೊಟ್ಟಿತ್ತು. ಸಂಬಳ ಕಂಪನಿಯದು, ಸಹಿ ಸರ್ಕಾರದ ಪರವಾಗಿ. ನಮ್ಮಲ್ಲಿ ಪ್ರೊಡಕ್ಷನ್‌ನವರೇ ಬಂದು ನನ್ನ ಸ್ಟಾಂಪ್ ಹೊಡೆದುಕೊಂಡರೆ ಹೇಗಿರುತ್ತೆ? ಎರಡನೇ ವಿಮಾನ ಬಿದ್ದ ಮೇಲೆ ಚೀನಾ ಮ್ಯಾಕ್ಸ್ ಹಾರಾಟ ನಿಲ್ಲಿಸಿತು, ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎ ಮಾರ್ಚ್ 12ರ ರಾತ್ರಿ ನಿಲ್ಲಿಸಿತು. ಅಮೆರಿಕ ಮಾರ್ಚ್ 13ರ ತನಕ ಹಾರಿಸುತ್ತಲೇ ಇತ್ತು.

ಈಗ 2021ರ ಆ ರಾಜಿಯ ಲೆಕ್ಕ. 250 ಕೋಟಿ ಡಾಲರ್ ದಂಡ ಅಂತ ಪೇಪರ್‌ನಲ್ಲಿ ಬಂದಿತ್ತಲ್ಲ, ಬಿಡಿಸಿ ನೋಡಿ. 177 ಕೋಟಿ ಡಾಲರ್ ಹೋದದ್ದು ವಿಮಾನ ಕೊಂಡ ಏರ್‌ಲೈನ್‌ಗಳಿಗೆ, ನಷ್ಟ ಆಯಿತು ಅಂತ. ಸತ್ತವರ ಮನೆಯವರಿಗೆ 50 ಕೋಟಿ. ನಿಜವಾದ ದಂಡ 24.36 ಕೋಟಿ. ಕೇಸಿನ ಪ್ರಕಾರ ಮೋಸಹೋದದ್ದು ಎಫ್‌ಎಎ. ಸತ್ತ 346 ಜನ ಆ ಅಪರಾಧದ ಸಂತ್ರಸ್ತರು ಹೌದೋ ಅಲ್ಲವೋ ಅಂತ ಮನೆಯವರು ಕೋರ್ಟಿನಲ್ಲಿ ಹೊಡೆದಾಡಬೇಕಾಯಿತು. ಹೌದು ಅಂತ ನ್ಯಾಯಾಧೀಶ ರೀಡ್ ಓ'ಕಾನರ್ ಹೇಳಿದ್ದು 2022ರಲ್ಲಿ. ರಾಜಿಗೆ ಸಹಿ ಬಿದ್ದದ್ದು ಆ ಮನೆಯವರಿಗೆ ಯಾರೂ ಹೇಳದೆ. ನಮ್ಮೂರಲ್ಲಿ ಎಮ್ಮೆ ಗುದ್ದಿದರೂ ಪಂಚಾಯ್ತಿಗೆ ಎಮ್ಮೆ ಮಾಲೀಕನ ಜೊತೆ ಗುದ್ದಿಸಿಕೊಂಡವನನ್ನೂ ಕರೀತಾರೆ.

ಕ್ರಿಮಿನಲ್ ಕೇಸಿನಲ್ಲಿ ಕಟಕಟೆಗೆ ಬಂದದ್ದು ಒಬ್ಬನೇ, ಬೋಯಿಂಗ್‌ನ ಒಬ್ಬ ಟೆಕ್ನಿಕಲ್ ಪೈಲಟ್. ಜ್ಯೂರಿ ಅವನನ್ನೂ ಬಿಟ್ಟುಬಿಟ್ಟಿತು. ಆಗಿನ ಸಿಇಒ ಕೆಲಸ ಬಿಡುವಾಗ ಸುಮಾರು 6.2 ಕೋಟಿ ಡಾಲರ್ ಕಟ್ಟಿಕೊಂಡು ಹೋದರು. ಆಮೇಲೆ ಹೂಡಿಕೆದಾರರಿಗೆ ತಪ್ಪು ಮಾಹಿತಿ ಕೊಟ್ಟರು ಅನ್ನೋ ಕೇಸಿನಲ್ಲಿ 10 ಲಕ್ಷ ಡಾಲರ್ ಕಟ್ಟಿ ಕೈ ತೊಳೆದುಕೊಂಡರು. ನಮ್ಮ ಹುಡುಗನ ಸಂಬಳದಲ್ಲಿ ಈ ತಿಂಗಳ ಇನ್ಸೆಂಟಿವ್ ಕಟ್.

ಬಾಗಿಲು ಹಾರಿದ ಮೇಲೆ ಸರ್ಕಾರ ನೀವು ಮಾತು ಮುರಿದಿರಿ ಅಂತು. ಕಂಪನಿ ತಪ್ಪೊಪ್ಪಿಗೆಗೆ ಒಪ್ಪಿತು. ಆ ಒಪ್ಪಂದವನ್ನು 2024ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶರು ತಳ್ಳಿಹಾಕಿದರು. 2025ರಲ್ಲಿ ಮತ್ತೆ ಹೊಸ ರಾಜಿ, ಕೇಸೇ ಬೇಡ ಅನ್ನೋ ರಾಜಿ, ಒಟ್ಟು 110 ಕೋಟಿ ಡಾಲರ್‌ಗೂ ಜಾಸ್ತಿ. ಹೊರಗಿನ ಸ್ವತಂತ್ರ ಮೇಲ್ವಿಚಾರಕ ಬೇಡ, ಕಂಪನಿಯೇ ಒಬ್ಬ ಸಲಹೆಗಾರನನ್ನು ಇಟ್ಟುಕೊಂಡರೆ ಸಾಕಂತೆ. ನವೆಂಬರ್ 6ಕ್ಕೆ ಅದೇ ನ್ಯಾಯಾಧೀಶರು ಕೇಸು ಮುಚ್ಚಿದರು. ಇದು ಸಾರ್ವಜನಿಕರಿಗೆ ಒಳ್ಳೆಯದು ಅಂತ ನನಗೆ ಅನ್ನಿಸುತ್ತಿಲ್ಲ, ಆದರೆ ತಡೆಯುವ ಅಧಿಕಾರ ನನಗಿಲ್ಲ ಅನ್ನೋ ಅರ್ಥದಲ್ಲಿ ಬರೆದು ಮುಚ್ಚಿದರು.

ಗೊತ್ತು, ಈಗ ಒಬ್ಬರು ಕಾಮೆಂಟ್ ಹಾಕ್ತಾರೆ. "ಅಷ್ಟು ದೊಡ್ಡ ಕಂಪನಿ ಮುಳುಗಿದರೆ ಲಕ್ಷಾಂತರ ಜನರ ಹೊಟ್ಟೆಪಾಡು ಏನು? ನಿಮ್ಮ ಅನ್ನವೂ ಅದರಿಂದಲೇ ಅಲ್ವಾ?" ಅಂತ. ವಿಮಾನದ ಪಾರ್ಟಿನಿಂದಲೇ ನನ್ನ ಅನ್ನ, ಹೌದು. ದೇವನಹಳ್ಳಿ ಹತ್ತಿರ 43 ಎಕರೆಯಲ್ಲಿ 1,600 ಕೋಟಿ ರೂಪಾಯಿಯ ಬೋಯಿಂಗ್ ಕ್ಯಾಂಪಸ್ ಉದ್ಘಾಟನೆ ಆದಾಗ ಫೋಟೊ ಶೇರ್ ಮಾಡಿ ಎದೆ ಉಬ್ಬಿಸಿದವಳೂ ನಾನೇ. ಬಾಗಿಲು ಹಾರಿ ಆಗಿನ್ನೂ ಎರಡು ವಾರ. ಆದರೆ ಕಂಪನಿ ಮುಚ್ಚಿಸಿ ಅಂತ ಯಾರು ಕೇಳಿದರು? ಮನೆಯವರು ಕೇಳಿದ್ದು ಬಹಿರಂಗ ವಿಚಾರಣೆ. ನಿಮ್ಮಲ್ಲಿ ಯಾರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಿತ್ತು, ಕೋರ್ಟಿನಲ್ಲಿ ನಿಂತು ಹೇಳಿ ಅಂತ. ಅಷ್ಟಕ್ಕೇ ಮುಳುಗುವ ಕಂಪನಿಯಾದರೆ, ಬಿಡಿ, ಬೈಗುಳ ಬರುತ್ತೆ.

ಇನ್ನೊಂದು ಹೇಳಿಬಿಡ್ತೀನಿ, ಹೇಳದಿದ್ದರೆ ನಿದ್ದೆ ಬರಲ್ಲ. 2011ರಲ್ಲಿ, ಆಗಿದ್ದದ್ದು ಬೇರೆ ಶಾಪ್, ಗೇಟಿನಲ್ಲಿ ಗಾಡಿ ಕಾಯ್ತಿತ್ತು. ಮಾಲೀಕರು ಬೆನ್ನ ಹಿಂದೆ ನಿಂತಿದ್ದರು. 40 ಪೀಸ್‌ನ ಲಾಟ್, ನಾನು ಅಳೆದದ್ದು ಆರು. ಸ್ಟಾಂಪ್ ಹೊಡೆದದ್ದು 40ಕ್ಕೂ. ಏನೂ ಆಗಲಿಲ್ಲ. ನಾಲ್ಕು ರಾತ್ರಿ ಎದ್ದು ಕೂತಿದ್ದೆ, ಅಪ್ಪನಿಗೂ ಹೇಳಲಿಲ್ಲ. ನನಗೆ ಯಾರೂ ಮೆಮೊ ಕೊಡಲಿಲ್ಲ, ಯಾಕಂದ್ರೆ ಆಗಲೂ ಮೆಮೊ ಬರೆಯುವವಳು ನಾನೇ.

ಸಂಜೆ ಹುಡುಗ ಮತ್ತೆ ಬಂದ. ಉತ್ತರ ಕೊಡೋಕೆ ಮೂರು ದಿನ ಟೈಮ್ ಇದೆ, ಅವನಿಗೆ ಇವತ್ತೇ ಮುಗಿಸಬೇಕು. "ಏನು ಬರೀಲಿ ಮೇಡಂ?" ಅಂದ. ಆದದ್ದನ್ನು ಬರಿ ಅಂದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅರ್ಧ ಪುಟ ಬರೆದ. ಎಷ್ಟು ಗಂಟೆಗೆ ಪೀಸ್ ತಗೊಂಡೆ, ಯಾವ ಬೆಂಚಿನಲ್ಲಿ ಉಜ್ಜಿದೆ, ಯಾವ ನಂಬರಿನ ಫೈಲ್, ಪಕ್ಕದಲ್ಲಿ ಯಾರಿದ್ದರು, ಎಲ್ಲ. ಕೆಳಗೆ ಪೂರ್ತಿ ಹೆಸರು, ಅಪ್ಪನ ಹೆಸರು, ತಾರೀಕು. ತಪ್ಪಾಯಿತು ಅಂತಲೂ ಬರೆದಿದ್ದ, ನಾನು ಕೇಳಿರಲಿಲ್ಲ.